ಮೆಟ್ಟಿಲಿಗೆ ಬಿಡುವ ಜಾಗ

ಬೋಗಾದಿ, ಮೈಸೂರು
ಗುರುವಾರ, 16 ಜನವರಿ 2025

ನನ್ನ ತೇಜು,

ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆಯಿಂದ ಸೈಟಿನಲ್ಲೇ ಇದ್ದು ಈಗಷ್ಟೇ ಬಾಡಿಗೆ ಮನೆಗೆ ಬಂದು ಕೂತಿದ್ದೇನೆ. ಸೆಂಟ್ರಿಂಗ್ ಹಲಗೆ ಹೊಡೆದು ಕಂಬಿ ಕಟ್ಟಿದ್ದಾಯಿತು, ಹಾಲಿನ ಒಂದು ಮೂಲೆ ಮಾತ್ರ ಬಾಕಿ. ನಾಳೆ ಮೋಲ್ಡ್, ತಾರಸಿಗೆ ಕಾಂಕ್ರೀಟು ಸುರಿಯುತ್ತಾರೆ. ನಿಮ್ಮಪ್ಪ ಇದ್ದಿದ್ದರೆ ಇವತ್ತು ಊಟ ಬಿಟ್ಟು ಅಲ್ಲೇ ನಿಂತಿರುತ್ತಿದ್ದರು.

ಮೇಸ್ತ್ರಿ ಮರಿಯಯ್ಯನವರು ಒಂದು ಮಾತು ಕೇಳಿದರು. ಮಹಡಿಗೆ ಮೆಟ್ಟಿಲು ಮನೆಯೊಳಗೋ, ಹೊರಗೋ. ಒಳಗಾದರೆ ಮೋಲ್ಡಿನಲ್ಲೇ ಮೆಟ್ಟಿಲಿಗೆ ಜಾಗ ಬಿಡಬೇಕಂತೆ. ಮುಚ್ಚಿದ ಮೇಲೆ ಒಡೆಯುವ ಹಾಗಿಲ್ಲವಂತೆ. "ಹದಿನೈದಡಿ ಅಗಲದ ಸೈಟು ಕಣಮ್ಮ, ಒಳಗೆ ಮೆಟ್ಟಿಲಿಟ್ರೆ ಹಾಲು ಅರ್ಧ ಹೋಯ್ತು. ಹೊರಗಿಟ್ಟು ಮೇಲಿನ ರೂಮು ಕಾಲೇಜು ಹುಡುಗ್ರಿಗೆ ಬಾಡಿಗೆಗೆ ಕೊಟ್ಬುಡಿ" ಅಂದರು. ಹೇಳಿದ್ದು ಸರಿಯಾಗೇ ಇದೆ. ಆದರೂ ನಾಳೆ ಬೆಳಿಗ್ಗೆಯೊಳಗೆ ಹೇಳುತ್ತೇನೆ ಅಂದು ಬಂದೆ.

ಪಾಯ ತೆಗೆಯುವ ಮೊದಲು ನಿಮ್ಮಪ್ಪ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಮನೆ ಬರೆದಿದ್ದರು. ನನ್ನನ್ನು ಕರೆದುಕೊಂಡು ಹೋಗಿ, ಗೆರೆ ತುಳಿಯದೆ ಬಾಗಿಲ ಕಡೆಯಿಂದಲೇ ಬಾ ಅಂದರು. ಬಂದೆ. ಇಲ್ಲಿ ಒಲೆ, ಇಲ್ಲಿ ದೇವರು ಅಂತ ತೋರಿಸಿದರು. ಹಾಲಿನ ಮೂಲೆಯಲ್ಲಿ ನಿಂತು, ಮೆಟ್ಟಿಲು ಹತ್ತುವವರ ಹಾಗೆ ಬರೀ ಗಾಳಿಯಲ್ಲಿ ಕಾಲೆತ್ತಿದರು. ಮೇಲೆ ತೇಜುಗೊಂದು ರೂಮು, ಅವಳು ಒಳಗಿಂದಲೇ ಹೋಗಿ ಬರಲಿ ಅಂದರು. ಮದುವೆಯಾದವಳಿಗೆ ರೂಮು ಯಾಕೆ ಅಂತ ನಾನು ನಕ್ಕೆ. "ಇರ್ಲಿ ಬುಡು" ಅಂದರು, ಅಷ್ಟೇ. ಪಾಯ ಮುಗಿದ ವಾರಕ್ಕೆ ಹೋಗಿಬಿಟ್ಟರು.

ಅವರಿಗೆ ನೀನು ಏನಾದರೂ ಹೇಳಿದ್ದೆಯಾ? ನನಗೆ ಹೇಳದೇ ಇದ್ದದ್ದನ್ನು? ಬೇಜಾರಿಲ್ಲ. ಗೊತ್ತಾದರೆ ಸಾಕು.

ನಿನ್ನ ದೊಡ್ಡಮ್ಮ ಇಂದ್ರಮ್ಮನನ್ನು ಕೇಳಿದೆ. "ಮಗಳಿಗೆ ರೂಮು ಕಟ್ಟಿ ಅವಳ ಸಂಸಾರ ನೀನೇ ಮುರೀತೀಯೇನೇ" ಅಂತ ಬೈದಳು. ಅದೂ ನಿಜವಿರಬಹುದು. ಇಲ್ಲದ ತೊಂದರೆಯನ್ನು ನಾನೇ ಹುಡುಕುತ್ತಿದ್ದೇನೋ ಏನೋ. ಫೋನ್ ಮಾಡಿದರೆ ನಿಮ್ಮತ್ತೆ ಪಕ್ಕದಲ್ಲೇ ಇರುತ್ತಾರೆ, ನೀನು "ಚೆನ್ನಾಗಿದೀನಮ್ಮ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಇದನ್ನು ಪಕ್ಕದ ಮನೆ ಕೆಂಚಮ್ಮನ ಕೈಲಿ ಕಳಿಸುತ್ತಿದ್ದೇನೆ. ಅವಳು ಸಂಜೆ ಶಿಫ್ಟಿಗೆ ನಿಮ್ಮೂರು ಕಡಕೊಳದ ಫ್ಯಾಕ್ಟರಿಗೆ ಬರುತ್ತಾಳೆ, ಹೋಗುವ ದಾರಿಯಲ್ಲಿ ನಿನ್ನ ಕೈಗೇ ಕೊಡುತ್ತಾಳೆ. ಒಳಗೆ ಅಥವಾ ಹೊರಗೆ, ಒಂದೇ ಮಾತು ಅವಳ ಹತ್ತಿರ ಹೇಳಿ ಕಳಿಸು. ಯಾಕೆ ಅಂತ ನಾನು ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರನ್ನು ಕೇಳಿದೆ ಅಂತ ಹೇಳು.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ಮರೆತಿದ್ದೆ: ಅಪ್ಪನ ತಿಂಗಳ ತಿಥಿಗೆ ಒಂದು ದಿನಕ್ಕೆಂದು ಬಂದವಳು ನೀನು ಎರಡು ಬ್ಯಾಗು ತಂದಿದ್ದೆ. ಹೋಗುವಾಗ ಒಂದನ್ನೇ ತೆಗೆದುಕೊಂಡು ಹೋದೆ. ಇನ್ನೊಂದು ನನ್ನ ಮಂಚದ ಕೆಳಗಿದೆ. ಬಿಚ್ಚಿಲ್ಲ, ಆದರೆ ಕಸ ಗುಡಿಸುವಾಗ ಎಳೆದು ನೋಡಿದ್ದೇನೆ, ಬಹಳ ಭಾರವಿದೆ. ಲಕೋಟೆ ಅಂಟಿಸುವ ಮುಂಚೆ ಮರಿಯಯ್ಯನವರಿಗೆ ಫೋನ್ ಮಾಡಿ ಒಳಗೆ ಜಾಗ ಬಿಡಿ ಅಂದೆ. ಸರಿಯೋ ತಪ್ಪೋ ತಿಳಿಯದು. ನಾಳೆ ಬೆಳಿಗ್ಗೆ ಏಳಕ್ಕೆ ಮೋಲ್ಡ್ ಹಾಕುತ್ತಾರೆ.