ಸೋತ ಆಟ ಗೆಲ್ಲಿಸಿದವಳಿಗೆ

ದಿಬ್ಬೂರಹಳ್ಳಿ
27-1-1959

ಚಿ. ಸೌ. ಶ್ಯಾಮಲಮ್ಮನಿಗೆ ಆಶೀರ್ವಾದ.

ಮನೆಗೆ ಕರೆಸಿಕೊಳ್ಳಿ ಎಂದು ನನ್ನ ಮಗನಿಗೆ ನೀನು ಬರೆದ ಕಾಗದವನ್ನು ನಾನೇ ಒಡೆದು ಓದಿದೆ. ಅವನಿಗೆ ಕೊಟ್ಟಿಲ್ಲ. ಉತ್ತರ ನನ್ನದು: ಬರಬೇಡ.

ತಪ್ಪೇನು ಎಂದು ಕೇಳಿದ್ದೀಯೆ. ಹಾಸಿಗೆ ಹಿಡಿದ, ಕಣ್ಣು ಕಾಣದ ನಿನ್ನ ಮಾವನವರಿಗೆ ರೇಡಿಯೋದ ಇಂಗ್ಲಿಷ್ ಕ್ರಿಕೆಟ್ ಕಾಮೆಂಟರಿಯನ್ನು ಕನ್ನಡದಲ್ಲಿ ಹೇಳು ಎಂದು ನಿನ್ನನ್ನು ಕೂರಿಸಿದವಳು ನಾನೇ. ಇದ್ದದ್ದನ್ನು ಇದ್ದಷ್ಟು ಹೇಳಿದೆಯಾ? ಕಾನ್ಪುರದ ಆಟದ ಹೊತ್ತಿಗೆ ರೇಷ್ಮೆಹುಳು ಪೊರೆ ಬಿಡಲು ನಾಲ್ಕನೇ ಜ್ವರಕ್ಕೆ ಮಲಗಿತ್ತು. ಆಗ ಈ ಮನೆಯಲ್ಲಿ ಪಾತ್ರೆ ಕೂಡ ಸದ್ದು ಮಾಡುವುದಿಲ್ಲ. ನೀನು ಪಕ್ಕದ ಕೋಣೆಯಲ್ಲೇ, "ಹೊಡೆದಾ ಮಾವಾ! ಬಾಲು ಬೇಲಿ ದಾಟೋಯ್ತು!" ಎಂದು ಕೂಗಿದೆ. ಅವರು ಮಲಗಿದಲ್ಲೇ ಚಪ್ಪಾಳೆ ತಟ್ಟಿದರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಯಾವ ಮಾತಿಗೂ ಅವರು ಚಪ್ಪಾಳೆ ತಟ್ಟಿದ್ದಿಲ್ಲ.

ಅದನ್ನೂ ಸಹಿಸಿದೆ. ಆದರೆ ಕಲ್ಕತ್ತೆಯಲ್ಲಿ ನಮ್ಮವರು ಗೆದ್ದರೆಂದು ನೀನು ಹೇಳಿದ್ದನ್ನು ನಂಬಿ, ಅವರು ಊರಿನ ಹುಳು ಸಾಕುವ ಮನೆಗಳಿಗೆಲ್ಲ ಕಲ್ಲುಸಕ್ಕರೆ ಹಂಚಿಸಿದರು. ಮಾರನೆಯ ದಿನ ನಾನು ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋದರೆ, ನಮ್ಮೂರ ಚೆನ್ನರಾಯಪ್ಪ ಪೇಪರು ಬಿಡಿಸಿ ಹಿಡಿದು ಎಲ್ಲರೆದುರಿಗೆ, "ಏನಮ್ಮಾ, ನಿಮ್ ರೇಡಿಯೋದಾಗೆ ಬೇರೆ ಇಂಡಿಯಾ ಆಡ್ತೈತಾ?" ಎಂದ. ಸಂತೆಯೇ ನಕ್ಕಿತು. ನಮ್ಮವರು ಒಂದು ಇನಿಂಗ್ಸ್ ಮೇಲೆ ಮುನ್ನೂರು ಚಿಲ್ಲರೆ ರನ್ನಿನಿಂದ ಸೋತಿದ್ದರು.

ಅಂದೇ ಸಂಜೆ ನಿನ್ನನ್ನು ಚಿಂತಾಮಣಿ ಬಸ್ಸು ಹತ್ತಿಸಿದೆ. "ಸೋತ್ರು ಅಂದ್ರೆ ಮಾವ ಊಟ ಬಿಡ್ತಾರೆ ಕಣತ್ತೆ" ಎಂದು ನೀನು ಬೇಡಿಕೊಂಡೆ. ಅವರ ಹಸಿವು ನಿನಗಿಂತ ನನಗೆ ಗೊತ್ತು.

ಮದರಾಸಿನ ಆಟವನ್ನು ನಾನೇ ಹೇಳಿದೆ. ನಾನೂ ಹೈಸ್ಕೂಲು ಓದಿದವಳು. ಒಬ್ಬೊಬ್ಬರು ಔಟಾದದ್ದನ್ನೂ, ಕೊನೆಗೆ ನಮ್ಮವರು ಸೋತದ್ದನ್ನೂ ಒಂದು ಅಕ್ಷರ ಸುಳ್ಳಿಲ್ಲದೆ ತಿಳಿಸಿದೆ. ನೀನೆಲ್ಲಿ ಎಂದು ಮತ್ತೆ ಕೇಳಿದರು. ಮುದುಕನ ಪಕ್ಕ ಕೂತು ಬೇಸರವಾಯಿತೆಂದು ತಾನಾಗಿ ತವರಿಗೆ ಹೋದಳು ಎಂದೆ. ಗೋಡೆಯ ಕಡೆ ತಿರುಗಿಕೊಂಡರು.

ನಿನ್ನ ಪೆಟ್ಟಿಗೆಯನ್ನು ಗುರುವಾರದ ಬಸ್ಸಿಗೆ ಹಾಕಿಸುತ್ತೇನೆ. ಈ ಮನೆಯಲ್ಲಿ ಸುಳ್ಳಿಗೆ ಜಾಗವಿಲ್ಲ.

ಇಂತಿ ನಿನ್ನ ಅತ್ತೆ,
ರಾಮಲಕ್ಷ್ಮಮ್ಮ

ಬರೆಯಲು ಮರೆತದ್ದು: ನಿನ್ನೆ ಆಟ ಮುಗಿದಾಗಿನಿಂದ ಅವರು ಗಂಜಿ ಮುಟ್ಟಿಲ್ಲ. ನಾನು ತಪ್ಪು ಕೇಳಿಸಿಕೊಂಡೆ, ನಮ್ಮವರೇ ಗೆದ್ದರು ಎಂದು ಇವತ್ತು ಬೆಳಿಗ್ಗೆ ಹೇಳಿದೆ. "ನೀನು ಹೇಳಿದ್ರೆ ಗೆದ್ದಂಗಿರಲ್ಲ ಕಣೇ" ಎಂದರು. ಗೆದ್ದಾಗ ನೀನು ಏನೇನು ಹೇಳುತ್ತಿದ್ದೆಯೋ, ಒಂದು ಮಾತೂ ಬಿಡದೆ ಕಾರ್ಡಿನಲ್ಲಿ ಬರೆದು ಕಳುಹಿಸು. ದೆಹಲಿಯ ಆಟ ಶುರುವಾಗುವ ಮೊದಲು ನನಗೆ ತಲುಪಬೇಕು. ನೀನು ಬರಬೇಡ.