ಆ ಫೋಟೋದಲ್ಲಿ ನಮ್ಮಜ್ಜಿ ನಗುತ್ತಿಲ್ಲ

ಮಾನ್ಯ ನಿರ್ದೇಶಕರೇ,

ನಿಮ್ಮ ವಸ್ತುಸಂಗ್ರಹಾಲಯದ ಮೂರನೇ ಕೋಣೆಯ ಗೋಡೆಯ ಮೇಲಿರುವ ನಮ್ಮಜ್ಜಿಯನ್ನು ದಯವಿಟ್ಟು ಕೆಳಗಿಳಿಸಿ. ಅಜ್ಜಿ ಅಂದರೆ ಅಜ್ಜಿಯ ಫೋಟೋ. ಅದರ ಕೆಳಗೆ ದಪ್ಪಕ್ಷರದಲ್ಲಿ ‘ಕೆಸರುಗಾಲರು ಎಂಬ ಹೆಸರಿನ ಬಗ್ಗೆ ಸಮುದಾಯದ ಹಿರಿಯರಿಗೇ ಆಕ್ಷೇಪವಿಲ್ಲ’ ಎಂದು ಬರೆಸಿದ್ದೀರಲ್ಲ, ಆ ಬೋರ್ಡು. ಬರುವ ಶುಕ್ರವಾರ ಮಂತ್ರಿಗಳು ಬಂದು ಅದನ್ನು ಉದ್ಘಾಟಿಸುತ್ತಾರಂತೆ. ಅಷ್ಟರೊಳಗೆ ಇಳಿಸಿ. ಇದನ್ನು ನಿಮ್ಮ ಕೋಣೆಗೇ ಬಂದು ಹೇಳಬಹುದಿತ್ತು. ಬಂದೂ ಇದ್ದೆ. ನೀವು ‘ಏನಮ್ಮಾ?’ ಅಂದಿರಿ, ನಾನು ‘ಏನಿಲ್ಲ ಸರ್, ಗುಡ್ ಮಾರ್ನಿಂಗ್’ ಅಂದು ವಾಪಸ್ ಹೋದೆ. ಆಗ ಸಂಜೆಯಾಗಿತ್ತು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಮೇಜಿನ ಆಚೆ ಕುಳಿತವರನ್ನು ಕಂಡರೆ ನಾಲಿಗೆ ತಾನಾಗಿಯೇ ಗುಡ್ ಮಾರ್ನಿಂಗ್ ಅನ್ನುತ್ತದೆ. ಹೀಗಾಗಿ ಪತ್ರಿಕೆಯ ಮೂಲಕ ಬರೆಯಬೇಕಾಯಿತು.

ಓದುಗರಿಗೆ ವಿಷಯ ತಿಳಿಯಲಿ. ನಾನು ಕಾಲೇಜಿನ ಮೊದಲ ವರ್ಷದವಳು. ಸೇವಾ ಅಂಕಕ್ಕಾಗಿ ಶನಿವಾರ ಈ ಸಂಗ್ರಹಾಲಯದಲ್ಲಿ ಗೈಡ್ ಕೆಲಸ ಮಾಡುತ್ತೇನೆ. ಮೂರನೇ ಕೋಣೆಯಲ್ಲಿ ಒಂದು ದೊಡ್ಡ ಗಾಜಿನ ಪೆಟ್ಟಿಗೆ ಇದೆ. ಅದರೊಳಗೆ ಪ್ಲಾಸ್ಟರಿನ ಗಂಡಸು, ಪ್ಲಾಸ್ಟರಿನ ಹೆಂಗಸು, ಬಣ್ಣ ಹೋದ ಒಂದು ಬಾತುಕೋಳಿ. ಸುತ್ತ ಜೊಂಡು. ಇಬ್ಬರ ಕಾಲಿಗೂ ಮೊಣಕಾಲಿನ ತನಕ ಕಂದು ಬಣ್ಣ ಬಳಿದಿದ್ದಾರೆ. ಪಕ್ಕದ ಫಲಕ ಹೀಗೆ ಹೇಳುತ್ತದೆ: ‘ಕೆಸರುಗಾಲರು. ಜೌಗುನೆಲದ ಮೂಲನಿವಾಸಿಗಳು. ಶಾಂತಸ್ವಭಾವದವರು. ಅಪರಿಚಿತರನ್ನು ಕಂಡರೆ ನಾಚುತ್ತಾರೆ.’ ಈ ಹೆಸರು ನಮ್ಮವರು ಇಟ್ಟುಕೊಂಡಿದ್ದಲ್ಲ. ಹಿಂದೊಂದು ಕಾಲದಲ್ಲಿ ಕಂದಾಯ ಕೇಳಲು ದೋಣಿಯಲ್ಲಿ ಬಂದ ಅಧಿಕಾರಿಗಳು ದೋಣಿಯಿಂದ ಇಳಿಯದೆ ಇಟ್ಟಿದ್ದು. ಕಾಲು ಕಾಣಿಸಿತು, ಬರೆದುಕೊಂಡರು. ಮುಖ ನೋಡಲು ಪುರುಸೊತ್ತಿರಲಿಲ್ಲ ಅಂತ ಕಾಣುತ್ತೆ.

ಆ ಪೆಟ್ಟಿಗೆಯ ಜನ ನಮ್ಮವರು. ನಮ್ಮ ಮನೆಯಲ್ಲಿ ಜೌಗುನೆಲ ನೋಡಿದ ಕೊನೆಯ ಮನುಷ್ಯ ಅಜ್ಜಿಯ ಅಪ್ಪ. ಅಜ್ಜಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅಪರಿಚಿತರನ್ನು ಕಂಡರೆ ಅವರು ನಾಚುವುದಿಲ್ಲ, ‘ಒಳಗೆ ನಡೀರಿ, ಬಾಗಿಲಲ್ಲೇ ಸಂಸಾರ ಹೂಡ್ಬೇಡಿ’ ಅನ್ನುತ್ತಾರೆ. ನಾಚುವವಳು ನಾನು. ಶಾಲೆಯ ಮಕ್ಕಳು ಬಂದು ಗಾಜಿಗೆ ಮೂಗು ಒತ್ತಿ, ‘ಅಕ್ಕಾ, ಇವರು ಈಗಲೂ ಇದಾರಾ?’ ಅಂತ ಕೇಳುತ್ತಾರೆ. ‘ಇದಾರೆ’ ಅನ್ನುತ್ತೇನೆ. ‘ಎಲ್ಲಿ?’ ‘ಇಲ್ಲೇ, ಸುತ್ತಮುತ್ತ.’ ಅಷ್ಟು ಹೇಳಿ ನಾಲ್ಕನೇ ಕೋಣೆಯ ನಾಣ್ಯಗಳ ಕಡೆಗೆ ಕರೆದುಕೊಂಡು ಹೋಗುತ್ತೇನೆ. ನಾಣ್ಯಗಳ ಬಗ್ಗೆ ಯಾರೂ ಅಂಥ ಪ್ರಶ್ನೆ ಕೇಳುವುದಿಲ್ಲ.

ಇಷ್ಟರಲ್ಲಿ ಯಾರೋ ಸಂದರ್ಶಕರು ದೂರು ಕೊಟ್ಟರು: ಈ ಹೆಸರು ಹಳೆಯದು, ಅವಮಾನಕರ, ತೆಗೆಯಿರಿ ಅಂತ. ಅವರು ಯಾರೋ ಗೊತ್ತಿಲ್ಲ, ಎಲ್ಲಿದ್ದರೂ ಚೆನ್ನಾಗಿರಲಿ. ತಾವು ತಕ್ಷಣ ಕ್ರಮ ಕೈಗೊಂಡಿರಿ. ಅಂದರೆ ಆ ಪದದ ಮೇಲೆ ಕಪ್ಪು ಟೇಪು ಅಂಟಿಸಿದಿರಿ. ಅಲ್ಲಿಯವರೆಗೆ ಫಲಕ ಓದದೆ ಮುಂದೆ ಹೋಗುತ್ತಿದ್ದ ಜನ ಈಗ ನಿಂತು ಟೇಪಿನ ಅಂಚು ಕೆರೆಯತೊಡಗಿದರು. ಒಬ್ಬ ಗಂಭೀರ ಮಹನೀಯರು ಹೆಂಡತಿಗೆ ‘ಏನೋ ಕೆಟ್ಟ ಮಾತು ಇರಬೇಕು ಕಣೇ’ ಅಂತ ಹೇಳಿ, ಆಮೇಲೆ ತಾವೇ ಉಗುರು ಹಾಕಿ ನೋಡಿದರು. ಇಷ್ಟು ಜನಪ್ರಿಯತೆ ಆ ಬಾತುಕೋಳಿಗೆ ಕೂಡ ಎಂದೂ ಸಿಕ್ಕಿರಲಿಲ್ಲ.

ಆಮೇಲೆ ಸಮಿತಿ. ‘ಹಳೆಯ ಜನಾಂಗೀಯ ಹೆಸರುಗಳು ಇಂದು ಅವಮಾನಕರವೇ?’ ಎಂಬುದು ಚರ್ಚೆಯ ವಿಷಯ. ಸಮಿತಿಯಲ್ಲಿ ಭಾಷಾತಜ್ಞರಿದ್ದರು, ಇತಿಹಾಸದ ಪ್ರೊಫೆಸರ್ ಇದ್ದರು, ಕಟ್ಟಡ ವಿಭಾಗದ ಎಂಜಿನಿಯರ್ ಕೂಡ ಇದ್ದರು. ಕೆಸರುಗಾಲರು ಯಾರೂ ಇರಲಿಲ್ಲ, ಟೀ ತರುವ ನನ್ನೊಬ್ಬಳನ್ನು ಬಿಟ್ಟು. ಮಹನೀಯರೆಲ್ಲ ಸೇರಿ ಸಿದ್ಧಪಡಿಸಿದ ಮೊದಲ ಕರಡು ನನಗೆ ಬಾಯಿಪಾಠ ಆಗಿದೆ: ‘ಹಿಂದೆ ಕೆಸರುಗಾಲರು ಎಂದು ಕರೆಯಲ್ಪಡುತ್ತಿದ್ದ, ಈಗ ಹಾಗೆ ಕರೆಯಬಾರದ, ಆದರೆ ಸಂದರ್ಶಕರಿಗೆ ತಿಳಿಯಲೆಂದು ಇಲ್ಲಿ ಹಾಗೆಯೇ ಕರೆಯಲಾಗಿರುವ ಜನ.’ ಸರ್, ಇದನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸುವಷ್ಟರಲ್ಲಿ ನಮ್ಮ ಜನ ಇನ್ನೊಂದು ಊರಿಗೆ ವಲಸೆ ಹೋಗಬಹುದು.

ಆಗ ನಿಮಗೆ ನೆನಪಾಯಿತು, ಟೀ ಹುಡುಗಿ ಅದೇ ಪೈಕಿ. ‘ನೀನೇ ಹೇಳಮ್ಮಾ, ಬೇಜಾರಾಗುತ್ತಾ?’ ಅಂದಿರಿ. ಎಲ್ಲರೂ ನನ್ನ ಕಡೆ ತಿರುಗಿದರು. ಐದನೇ ಕ್ಲಾಸಿನಲ್ಲಿ ಸಮಾಜ ಪಾಠದಲ್ಲಿ ಈ ಪದ ಬಂದಾಗಲೂ ಹೀಗೇ ಇಡೀ ಕ್ಲಾಸು ತಿರುಗಿತ್ತು. ಆಮೇಲೆ ಹಾಸ್ಟೆಲ್ ಬಿಡುವ ತನಕ ನನ್ನ ಚಪ್ಪಲಿ ಮಾತ್ರ ಡಾರ್ಮಿಟರಿಯ ಹೊರಗೆ ಇರುತ್ತಿತ್ತು. ಒಳಗೆ ತಂದರೆ ಕೆಸರಾಗುತ್ತಂತೆ. ಅದನ್ನು ಹೇಳೋಣ ಅಂತ ಬಾಯಿ ತೆರೆದೆ. ಹೊರಗೆ ಬಂದಿದ್ದು, ‘ಆಕ್ಚುಲಿ ಸರ್, ಅಜ್ಜಿಯನ್ನು ಕೇಳಿದರೆ ಬೆಟರ್.’

ಕೇಳಿಯೂ ಬಿಟ್ಟಿರಿ, ನನ್ನ ಫೋನಿನಲ್ಲೇ, ಸ್ಪೀಕರ್ ಹಾಕಿ.

‘ಅಜ್ಜೀ, ಇಲ್ಲೊಬ್ರು ಸಾಹೇಬ್ರು ನಿನ್ ಹತ್ರ ಮಾತಾಡ್ಬೇಕಂತೆ.’

‘ಯಾಕೆ? ಏನ್ ಮಾಡ್ಕೊಂಡೆ?’

‘ನಾನೇನೂ ಮಾಡಿಲ್ಲ ಅಜ್ಜೀ.’

‘ಹಾಗಾದ್ರೆ ಅವರೇನ್ ಮಾಡ್ಕೊಂಡ್ರು?’

ಸಮಿತಿ ನಕ್ಕಿತು. ನೀವು ಫೋನಿನ ಹತ್ತಿರ ಬಾಗಿ, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ, ‘ಅಮ್ಮಾ, ಕೆಸರುಗಾಲರು ಅನ್ನೋ ಹೆಸರು ಕೇಳಿದ್ರೆ ನಿಮಗೆ ಬೇಸರ ಆಗುತ್ತಾ?’ ಅಂದಿರಿ.

‘ಅಯ್ಯೋ ಬೇಸರ ಏನ್ ಬಂತು ಸಾರ್! ನಾನೂ ನನ್ನ ತಂಗೀನೂ ದಿನಾ ಹಾಗೇ ಕರ್ಕೊಳ್ಳೋದು.’

ನೀವು ಮೇಜು ಕುಟ್ಟಿದಿರಿ. ಪ್ರೊಫೆಸರ್ ‘ಪ್ರಾಥಮಿಕ ಆಕರ!’ ಅಂದರು. ಎಂಜಿನಿಯರ್ ಗೋಡೆ ಅಳೆಯಲು ಎದ್ದರು. ಚರ್ಚೆ ಮುಗಿಯಿತು. ಅಜ್ಜಿ ಆ ಕಡೆಯಿಂದ ‘ಹಲೋ, ಹಲೋ, ಇಷ್ಟಕ್ಕಾ ಫೋನು?’ ಅನ್ನುತ್ತಲೇ ಇದ್ದರು.

ಆ ದಿನ ಅಜ್ಜಿ ಸುಳ್ಳು ಹೇಳಲಿಲ್ಲ. ಅವರೂ ಚಿಕ್ಕಜ್ಜಿಯೂ ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. ಸಂಜೆ ಫೋನು ಬಂದರೆ ‘ಏನೇ ಕೆಸರುಗಾಲೀ, ಇನ್ನೂ ಬದುಕಿದ್ದೀಯಾ?’ ಎಂಬುದೇ ಕುಶಲಪ್ರಶ್ನೆ. ಆದರೆ ಸರ್, ನಿಮ್ಮನ್ನು ಮನೆಯಲ್ಲಿ ತಾಯಿಯವರು ಏನಂತ ಕರೆಯುತ್ತಾರೆ? ನನಗೆ ಗೊತ್ತಿಲ್ಲ, ಆದರೆ ಒಂದು ಮುದ್ದಿನ ಹೆಸರು ಇದ್ದೇ ಇರುತ್ತದೆ. ಅದನ್ನು ನಿಮ್ಮ ಕೋಣೆಯ ಬಾಗಿಲಿಗೆ ಹಿತ್ತಾಳೆ ಫಲಕ ಮಾಡಿ ಹಾಕಿ, ಕೆಳಗೆ ‘ಕುಟುಂಬದವರ ಆಕ್ಷೇಪವಿಲ್ಲ’ ಅಂತ ಬರೆಸೋಣವೇ? ಪ್ರಾಥಮಿಕ ಆಕರಕ್ಕೆ ನಾನೇ ಫೋನು ಮಾಡುತ್ತೇನೆ. (ಈ ವಾಕ್ಯ ಉಳಿಸಬೇಕೋ ಹೊಡೆದುಹಾಕಬೇಕೋ ಅಂತ ತುಂಬಾ ಟೆನ್ಷನ್ ಮಾಡಿಕೊಂಡೆ. ಉಳಿಸಿದ್ದೇನೆ. ಸಾರಿ.)

ಫೋಟೋದ ಕತೆ ಹೇಳುತ್ತೇನೆ. ‘ಸಮುದಾಯದ ಹಿರಿಯರನ್ನು’ ನೀವು ಸಂಗ್ರಹಾಲಯಕ್ಕೆ ಆಹ್ವಾನಿಸಿದಿರಿ. ಅಜ್ಜಿ ಒಳ್ಳೆಯ ಕೋಟು ಹಾಕಿಕೊಂಡು, ಪಾಲಿಶ್ ಮಾಡಿದ ಶೂ ಹಾಕಿಕೊಂಡು ಬಂದರು. ಮೊಮ್ಮಗಳು ಕೆಲಸ ಮಾಡುವ ಜಾಗ ಅಂತ ಅವರಿಗೆ ಸಡಗರ. ಬಾಗಿಲಲ್ಲಿ ಒಂದು ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ನೀವು ಎರಡೂ ಕೈ ಚಾಚಿ, ನಿಜವಾದ ಪ್ರೀತಿಯಿಂದಲೇ, ‘ಬನ್ನಿ ಬನ್ನಿ, ನಮ್ಮ ಕೆಸರುಗಾಲಮ್ಮಾ!’ ಅಂದಿರಿ. ಸಾಲಿನಲ್ಲಿದ್ದ ಮಕ್ಕಳ ಕಣ್ಣು ಮೊದಲು ಅಜ್ಜಿಯ ಮುಖಕ್ಕೆ ಹೋಗಲಿಲ್ಲ, ಶೂಗೆ ಹೋಯಿತು. ಅದನ್ನು ನೀವು ನೋಡಲಿಲ್ಲ. ಅಜ್ಜಿ ನೋಡಿದರು.

ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಇದೇ ಮಾತು ಬರುತ್ತಿತ್ತಂತೆ. ಚಿಲ್ಲರೆ ಕೇಳಿದಾಗ, ಟಿಕೆಟ್ ಕೇಳಿದಾಗ. ಆಗ ಅಜ್ಜಿ ಸೀಟಿ ಊದಿ ಬಸ್ ನಿಲ್ಲಿಸಿ, ಅಂದವನನ್ನು ಇಳಿಸಿಯೇ ಮುಂದೆ ಹೋಗುತ್ತಿದ್ದರಂತೆ, ಊರು ಇರಲಿ ಬಯಲಿರಲಿ. ನಿಮಗೂ ಅದನ್ನೇ ಹೇಳಿದರು. ಬಾಯಿ ಅಗಲಿಸಿ, ಕೈ ಎತ್ತಿ, ‘ಸಾರ್, ಇದು ಬಸ್ಸಾಗಿದ್ರೆ ನಿಮ್ಮನ್ನ ಇಲ್ಲೇ ಇಳಿಸ್ತಿದ್ದೆ!’ ಅಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನೀವು. ಫೋಟೋಗ್ರಾಫರ್ ಸರಿಯಾಗಿ ಆ ಹೊತ್ತಿಗೆ ಕ್ಲಿಕ್ ಮಾಡಿದರು. ಗೋಡೆಯ ಮೇಲಿರುವುದು ಅದು. ಶುಕ್ರವಾರ ಮಂತ್ರಿಗಳಿಗೆ ‘ನೋಡಿ, ಎಷ್ಟು ಸಂತೋಷವಾಗಿ ಒಪ್ಪಿಕೊಂಡಿದ್ದಾರೆ’ ಅಂತ ತೋರಿಸಲಿದ್ದೀರಿ. ನಿರ್ದೇಶಕರೇ, ಆ ಫೋಟೋದಲ್ಲಿ ನಮ್ಮಜ್ಜಿ ನಗುತ್ತಿಲ್ಲ. ನಿಮ್ಮನ್ನು ಬಸ್ಸಿನಿಂದ ಇಳಿಸುತ್ತಿದ್ದಾರೆ.

‘ಹಾಗಾದ್ರೆ ಏನಂತ ಕರೀಬೇಕಮ್ಮಾ? ದಿನಕ್ಕೊಂದು ಹೆಸರು ಬದಲಾಯಿಸಿದ್ರೆ ಬೋರ್ಡ್ ಬರೆಯೋನು ಏನ್ ಮಾಡ್ಬೇಕು?’ ಎಂದು ಆಮೇಲೆ ಕಾರಿಡಾರಿನಲ್ಲಿ ಗೊಣಗಿದಿರಿ. ನ್ಯಾಯವಾದ ಪ್ರಶ್ನೆ. ಹಳೆಯ ಹೆಸರಿನಲ್ಲಿ ಕರೆದರೆ ಏನು ಗಂಟು ಹೋಗುತ್ತೆ? ಇದಕ್ಕೆ ನಿಮ್ಮ ಕಚೇರಿಯಲ್ಲೇ ಉತ್ತರವಿದೆ. ಹೋದ ತಿಂಗಳು ಇನ್ನೊಂದು ಇಲಾಖೆಯಿಂದ ಒಂದು ಲಕೋಟೆ ಬಂತು. ಮೇಲೆ ‘ಉಗ್ರಾಣಪಾಲಕರಿಗೆ’ ಅಂತ ಬರೆದಿತ್ತು. ನಿಮ್ಮ ಹುದ್ದೆಯ ಹಳೆಯ ಹೆಸರು ಅದೇ ಎಂದು ಗುಮಾಸ್ತರು ಹೇಳಿದರು. ತಾವು ಲಕೋಟೆ ತೆರೆಯಲೂ ಇಲ್ಲ. ‘ಅಂಥವರು ಇಲ್ಲಿ ಯಾರೂ ಇಲ್ಲ’ ಅಂತ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕಳಿಸಿದಿರಿ. ಆ ದಿನವಿಡೀ ನಿಮ್ಮ ಕೋಣೆಗೆ ಟೀ ಒಯ್ಯಲು ಎಲ್ಲರಿಗೂ ಹೆದರಿಕೆ. ಸರ್, ಆ ಹೆಸರಿನಲ್ಲಿ ಬೈಗುಳ ಏನಿತ್ತು? ಉಗ್ರಾಣ ಒಳ್ಳೆಯದೇ, ಪಾಲಿಸುವುದೂ ಒಳ್ಳೆಯದೇ. ಆದರೂ ಚುಚ್ಚಿತು. ಯಾಕೆಂದರೆ ನೀವು ಏನಾಗಿದ್ದೀರಿ ಅಂತ ನೋಡದೆ, ಯಾರೋ ತಮಗೆ ಅನುಕೂಲವಾದ ಹಳೇ ಚೀಟಿಯನ್ನು ನಿಮ್ಮ ಬೆನ್ನಿಗೆ ಅಂಟಿಸಿದರು. ನಿಮಗೆ ವಾಪಸ್ ಕಳಿಸಲು ಕೆಂಪು ಶಾಯಿ ಇತ್ತು. ನಮಗೆ ಅಷ್ಟೂ ಇಲ್ಲ.

ಆದರೆ ನಾನು ಬರೆಯಲು ಕುಳಿತಿದ್ದು ವಾದ ಗೆಲ್ಲುವುದಕ್ಕಲ್ಲ. ಬೋರ್ಡು ಬಂದ ದಿನ ಸಂಜೆ ಎಂದಿನಂತೆ ಚಿಕ್ಕಜ್ಜಿಯ ಫೋನು ಬಂತು. ‘ಏನೇ ಕೆಸರುಗಾಲೀ’ ಅಂದರು. ಅಜ್ಜಿ, ‘ಬೇಡ ಕಣೇ, ಹಾಗನ್ಬೇಡ. ಅದನ್ನ ಗೋಡೆಗೆ ಹಾಕ್ಬಿಟ್ಟಿದಾರೆ, ನನ್ ಮುಖದ ಜೊತೆ’ ಅಂದರು. ಆಮೇಲೆ ಇಬ್ಬರೂ ಬೆಲೆ ಏರಿದ್ದು, ಮಂಡಿನೋವು ಅಂತ ಏನೋ ಮಾತಾಡಿ ಬೇಗ ಫೋನಿಟ್ಟರು. ಅವತ್ತಿನಿಂದ ಅವರು ಒಬ್ಬರಿಗೊಬ್ಬರು ‘ಹಲೋ’ ಅನ್ನುತ್ತಿದ್ದಾರೆ. ಹುಟ್ಟಿದಾಗಿನಿಂದ ಜಗಳವಾಡಿಕೊಂಡು ಬಂದ ಅಕ್ಕತಂಗಿಯರು, ಬ್ಯಾಂಕಿನವರ ಹಾಗೆ, ‘ಹಲೋ’! ಬೇರೆಯವರು ಎಸೆದ ಕಲ್ಲನ್ನು ಇಬ್ಬರೂ ಉಜ್ಜಿ ಉಜ್ಜಿ ಆಟದ ಸಾಮಾನು ಮಾಡಿಕೊಂಡಿದ್ದರು. ನೀವು ಅದನ್ನು ಎತ್ತಿಕೊಂಡು ಹೋಗಿ ಮತ್ತೆ ಕಲ್ಲು ಮಾಡಿ, ಕೆಳಗೆ ಅವರದ್ದೇ ಒಪ್ಪಿಗೆ ಅಂತ ಬರೆದಿರಿ. ಹಳೆಯ ಹೆಸರು ಇಂದು ಅವಮಾನಕರವೇ ಅಂತ ನಿಮ್ಮ ಸಮಿತಿ ಕೇಳಿತ್ತಲ್ಲ, ಅದಕ್ಕೆ ನನ್ನ ಉತ್ತರ ಇದು. ಬಾಯಿ ಬಿಡಲು ತಡವಾಯಿತು, ಆದರೂ ದಾಖಲಿಸಿಕೊಳ್ಳಿ: ಹೌದು ಸರ್. ನನಗೆ ಬೇಜಾರಾಗುತ್ತೆ.

ಆದ್ದರಿಂದ ಶುಕ್ರವಾರದೊಳಗೆ ಬೋರ್ಡು ಇಳಿಯಬೇಕು. ಫಲಕದಲ್ಲಿ ನಮ್ಮ ಹೆಸರು ದೊಡ್ಡದಾಗಿ ಬರಬೇಕು. ಆ ಹಳೆಯ ಪದ ಚಿಕ್ಕದಾಗಿ ಇರಲಿ, ಟೇಪು ಬೇಡ. ಯಾರು ಇಟ್ಟರು, ದೋಣಿಯಿಂದ ಯಾಕೆ ಇಳಿಯಲಿಲ್ಲ ಎಂಬುದೂ ಜೊತೆಗಿರಲಿ. ಸೇವಾ ಅಂಕ ಕತ್ತರಿಸುವುದಾದರೆ ಕತ್ತರಿಸಿ. (ಪೂರ್ತಿ ಬೇಡ, ಪ್ಲೀಸ್.) ನಮ್ಮ ಹೆಸರು ಏನೆಂದು ನಾನು ಇಲ್ಲಿ ಬರೆದಿಲ್ಲ, ಅದು ಮರೆತಲ್ಲ. ಅಜ್ಜಿ ಬರೆಯಬೇಡ ಅಂದರು. ‘ಅವರೇ ಮನೆಗ್ ಬಂದು ಕೇಳ್ಲಿ. ಬಾಗಿಲಲ್ಲಿ ನಿಲ್ಸಲ್ಲ ಅಂತ ಹೇಳು. ಬರುವಾಗ ಆ ಬೋರ್ಡ್ ತರ್ಲಿ, ಫೋಟೋ ಕತ್ತರಿಸಿ ಇಟ್ಕೋತೀನಿ. ಅದ್ರಲ್ಲಿ ನಾನು ಚೆನ್ನಾಗ್ ಬಂದಿದೀನಿ. ತಂಗಿಗೆ ತೋರಿಸ್ಬೇಕು, ಎಷ್ಟ್ ದೊಡ್ಡ ಮನುಷ್ಯನ್ನ ಇಳಿಸ್ತಿದೀನಿ ಅಂತ’ ಅಂದರು.

ಇಂತಿ,
ಗಾಜಿನ ಈಚೆಗಿರುವುದರಿಂದ ಇನ್ನೂ ಫಲಕ ಸಿಗದ,
ಶನಿವಾರ ಎಂದಿನಂತೆ ಕೆಲಸಕ್ಕೆ ಬರಬೇಕೋ ಬೇಡವೋ ತಿಳಿಯದ,
ತಮ್ಮ ಮೂರನೇ ಕೋಣೆಯ ಗೈಡ್