ಹುಳ ತಿನ್ನದ ಅಚ್ಚು

ಅಲ್ಲಾಳಸಂದ್ರ
೧೨-೨-೧೯೬೧

ತಮ್ಮ ಮುನಿಯಣ್ಣನಿಗೆ ಅಕ್ಕ ಮಾರಕ್ಕನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಶೆಟ್ಟಿಹಳ್ಳಿಯಲ್ಲಿ ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಇಷ್ಟು ದಿನ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ನಿನಗೆ ಕಾಗದ ಹಾಕಿದರೆ ನಿನ್ನ ಭಾವನಿಗೆ ಅದೂ ಒಂದು ಅನುಮಾನ. ನಮ್ಮ ಗಂಗಮ್ಮನ ಧಾರೆ ಈ ತಿಂಗಳ ಕೊನೆಗೆ. "ಸೋದರಮಾವ ಇಲ್ದೆ ನಾನು ಹಸೆಮಣೆ ಹತ್ತಲ್ಲ" ಎಂದು ಮಗಳು ಊಟ ಬಿಟ್ಟು ಕೂತಿದ್ದಾಳೆ.

ನಿನಗೆ ಬಂದ ಅಪವಾದದ ಬುಡ ಈಗ ಸಿಕ್ಕಿದೆ, ಕೇಳು. ಇವರ ಮರದಚ್ಚಿನ ಚಿತ್ರಗಳ ಹುಚ್ಚು ಗೊತ್ತಲ್ಲ. ದಂಡಿನ ಬಿಳಿ ದೊರೆಗಳು ದೇಶ ಬಿಡುವ ಮುಂಚೆ ಮನೆ ಖಾಲಿ ಮಾಡುವಾಗ ಹರಾಜಿನಲ್ಲಿ ಕೊಂಡದ್ದು. ಫ್ರಾನ್ಸಿನವರ ಕೆತ್ತನೆಯಂತೆ, ಪೋಸ್ಟ್ ಇಂಪ್ರೆಷನಿಸ್ಟ್ ಅಂತೆ. ಕೆತ್ತಿದ ಮರದ ಹಲಗೆ ಹೊಸದಿದ್ದಾಗ ಒತ್ತಿದ ಮೊದಲ ಪ್ರತಿಗಳು ಅಪರೂಪ, ಇವರದು ಅಂಥದೇ. ಆಮೇಲೆ ಹಲಗೆಗೆ ಹುಳ ಬಿದ್ದರೆ, ತೂತಿನ ಕಡೆ ಮಸಿ ಹತ್ತದೆ ಚಿತ್ರದಲ್ಲಿ ಬಿಳಿ ಚುಕ್ಕೆ ಬರುತ್ತದೆ. ನಮ್ಮ ಮನೆಯ ಹೆಂಚು ತೆಗೆದು ಕೈಯಾಡಿಸುವಾಗ ಚಿತ್ರಗಳ ಪೆಟ್ಟಿಗೆ ನಿನ್ನ ಮನೆಯಲ್ಲಿತ್ತು. ಅದು ವಾಪಸ್ಸು ಬಂದು ಎಷ್ಟೋ ತಿಂಗಳ ಮೇಲೆ ತೆಗೆದರೆ, ಇವರ ಮುದ್ದಿನ ಚಿತ್ರದ ತುಂಬ ಬಿಳಿ ಚುಕ್ಕೆ. "ನಿನ್ ತಮ್ಮ ಮೊದ್ಲಚ್ಚು ಮಾರ್ಕೊಂಡು, ಹುಳ ಬಿದ್ಮೇಲಿನ ಅಚ್ಚು ತಂದಿಟ್ಟವ್ನೆ ಕಣೇ!" ಎಂದು ಹಾರಾಡಿ ನಿನ್ನನ್ನು ಹೊಸ್ತಿಲು ತುಳಿಯಬೇಡ ಎಂದದ್ದು ಇದಕ್ಕೇ.

ನಿನ್ನೆ ಇವರು ಸ್ನಾನಕ್ಕೆ ಹೋದಾಗ ಪೆಟ್ಟಿಗೆಯ ಬೀಗದ ಕೈ ಬಿಚ್ಚಿ ಗೂಟಕ್ಕೆ ಹಾಕಿದ್ದರು. ಚಿತ್ರ ತೆಗೆದು ಕಿಟಕಿಗೆ ಹಿಡಿದೆ. ಪ್ರತಿ ಚುಕ್ಕೆಯಿಂದಲೂ ಬೆಳಕು ತೂರಿ ಬಂತು ಕಣೋ! ಹುಳ ತಿಂದದ್ದು ಫ್ರಾನ್ಸಿನ ಹಲಗೆಯನ್ನಲ್ಲ, ನಮ್ಮ ಪೆಟ್ಟಿಗೆಯಲ್ಲಿದ್ದ ಕಾಗದವನ್ನು. ಅಡಿಗಿಟ್ಟ ಬಿಳಿ ಹಾಳೆ ತೂತುಗಳಲ್ಲಿ ಕಂಡು ಚುಕ್ಕೆಯೆನಿಸಿತ್ತು. ಮೊದಲೆಲ್ಲ ವರ್ಷ ವರ್ಷವೂ ನಾನು ಒಣಗಿದ ಬೇವಿನ ಸೊಪ್ಪು ಹಾಕುತ್ತಿದ್ದೆ. ಪೆಟ್ಟಿಗೆ ನಿನ್ನ ಮನೆಯಿಂದ ಬಂದ ಮೇಲೆ ಯಾರೂ ಮುಟ್ಟಕೂಡದೆಂದು ಇವರು ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರಲ್ಲ, ಹುಳಕ್ಕೆ ಹಬ್ಬವಾಯಿತು.

ಸ್ನಾನದಿಂದ ಬಂದವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಆಯ್ತು ಬುಡು, ಕರಿ ನಿನ್ ತಮ್ಮನ್ನ" ಎಂದರು. ನನಗೆ ಅಳುವೇ ಬಂತು. ಮದುವೆಗೆ ನೀವೆಲ್ಲ ಮುಂಚೆಯೇ ಬನ್ನಿ. ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಮಾರಕ್ಕ

ಮ.ಬ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಗಂಗಮ್ಮನ ರವಿಕೆಗೆ ಕೊಕ್ಕೆ ಹಾಕೋಣವೆಂದು ನೋಡಿದರೆ ನನ್ನ ಸೂಜಿ ಡಬ್ಬಿ ಇಲ್ಲ. ಇವರು ಹಿತ್ತಲ ಬಿಸಿಲಲ್ಲಿ ಕೂತು, ಒಂದೊಂದೇ ಸೂಜಿಯನ್ನು ಆ ತೂತುಗಳಿಗೆ ಇಳಿಸಿ ನೋಡುತ್ತಿದ್ದಾರೆ. ನಿನ್ನನ್ನು ಉಳಿಸಲು ನಾನೇ ಚುಚ್ಚಿದೆನೆಂದು ಅನುಮಾನ. ಇಷ್ಟು ವರ್ಷ ಜೊತೆಗೆ ಬಾಳಿದ್ದಕ್ಕೆ ಇದು ಸಿಕ್ಕಿತು ಕಣೋ. ತಪ್ಪದೆ ಬಾ. ಗಂಗಮ್ಮನಿಗೆ ಸೋದರಮಾವ ಬೇಕು, ನನಗೂ ಈ ಮನೆಯಲ್ಲಿ ನನ್ನವರೆನ್ನುವವರು ಒಬ್ಬರು ಬೇಕು.